ಹಿಮ ಕರಗಿದ ಮೇಲೆ ಶುರುವಾಗುವ ಆಟ

ಪತ್ತನಾಜೆ ಬಂತೆಂದರೆ ನಮ್ಮ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿಯ ಬಳಿಕ ಮತ್ತೆ ಗೆಜ್ಜೆ ಕಟ್ಟುವ ತನಕ ರಂಗಸ್ಥಳಕ್ಕೆ ವಿರಾಮ. ಆದರೆ ಕಲಾವಿದನ ಕಾಲಿಗೂ ವಿರಾಮವೇ? ಮಳೆಗಾಲವಿಡೀ ಜಗಲಿಯಲ್ಲಿ ಕಾಲು ಚಾಚಿ ಕುಳಿತ ಪುಂಡುವೇಷಧಾರಿ ಮೊದಲ ರಾತ್ರಿ ಧೀಂಗಿಣಕ್ಕೆ ಹೊರಟರೆ ಏನಾಗುತ್ತದೆ ಎಂಬುದನ್ನು ನಮ್ಮ ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕು ಸುತ್ತಿಗೆ ಉಸಿರು ಮೇಲಾಗುತ್ತದೆ, ಐದನೆಯದಕ್ಕೆ ಮೊಣಕಾಲು ಮಾತು ಕೇಳುವುದಿಲ್ಲ.

ಇದೇ ಸಮಸ್ಯೆಯನ್ನು ಪ್ರತಿ ವರ್ಷವೂ ಎದುರಿಸುವ ಇನ್ನೊಂದು ವರ್ಗ ಜಗತ್ತಿನಲ್ಲಿದೆ. ಅವರ ರಂಗಸ್ಥಳ ಹಿಮ. ಅವರ ಗೆಜ್ಜೆ ಕಾಲಿಗೆ ಬಿಗಿದ ಎರಡು ನೀಳ ಹಲಗೆಗಳು. ಸ್ಕೀ ಎಂಬ ಹಿಮಜಾರಾಟದ ಆಟಗಾರರು ಅವರು. ಚಳಿಗಾಲದಲ್ಲಿ ಹಿಮ ಬಿದ್ದಾಗ ಆಟ, ಬೇಸಿಗೆಯಲ್ಲಿ ಹಿಮ ಕರಗಿದಾಗ ರಂಗ ಖಾಲಿ. ಹಾಗಾದರೆ ಹಿಮವಿಲ್ಲದ ಅಷ್ಟು ತಿಂಗಳು ಅವರೇನು ಮಾಡುತ್ತಾರೆ? ಹಿಮವನ್ನೇ ಕಾಣದ ಈ ಕರಾವಳಿಯ ನಮಗೆ ಆ ಸಂಗತಿಯಿಂದ ಆಗಬೇಕಾದ್ದೇನು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಈ ಲೇಖನದ ಉದ್ದೇಶ.

ಎರಡು ಬಗೆಯ ಆಟ

ಸ್ಕೀ ಆಟದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಬೆಟ್ಟದ ನೆತ್ತಿಯಿಂದ ಇಳಿಜಾರಿನಲ್ಲಿ ಜಾರಿಕೊಂಡು ಕೆಳಗಿಳಿಯುವುದು. ಇದಕ್ಕೆ ಆಲ್ಪೈನ್ ಸ್ಕೀ ಎಂದು ಹೆಸರು. ಇನ್ನೊಂದು, ಹಿಮ ಹೊದ್ದ ಕಾಡು, ಬಯಲು, ದಿಣ್ಣೆಗಳಲ್ಲಿ ಕೋಲು ಊರುತ್ತ ಕಿಲೋಮೀಟರುಗಟ್ಟಲೆ ಸಾಗುವುದು. ಇದು ಕ್ರಾಸ್ ಕಂಟ್ರಿ ಸ್ಕೀ. ನಾರ್ವೆ, ಸ್ವೀಡನ್, ಫಿನ್ಲೆಂಡಿನ ಜನ ಹಿಂದಿನ ಕಾಲದಲ್ಲಿ ಬೇಟೆಗೂ ನೆರೆಮನೆಗೂ ಹೋಗುತ್ತಿದ್ದುದು ಹೀಗೆಯೇ. ಫ್ರಾನ್ಸಿನ ಶಾಮೊನಿಯಲ್ಲಿ 1924ರಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸಿನಲ್ಲಿ ಕ್ರಾಸ್ ಕಂಟ್ರಿ ಇತ್ತು. ಆಲ್ಪೈನ್ ಸೇರಿದ್ದು 1936ರಲ್ಲಿ.

ಎರಡೂ ಬೇಡುವ ದೇಹಶಕ್ತಿ ಬೇರೆಬೇರೆ. ಕ್ರಾಸ್ ಕಂಟ್ರಿಯವನಿಗೆ ಬೇಕಾದ್ದು ದಣಿಯದ ಹೃದಯ ಮತ್ತು ಪುಪ್ಪುಸ. ಕಾಲು, ಸೊಂಟ, ಬೆನ್ನು, ಭುಜ, ತೋಳು ಎಲ್ಲವೂ ಒಟ್ಟಿಗೆ ದುಡಿಯುವುದರಿಂದ, ಆಮ್ಲಜನಕವನ್ನು ಬಳಸಿಕೊಳ್ಳುವ ಸಾಮರ್ಥ್ಯದಲ್ಲಿ ಈ ಆಟಗಾರರು ಜಗತ್ತಿನ ಎಲ್ಲ ಕ್ರೀಡಾಪಟುಗಳ ಮೊದಲ ಸಾಲಿನಲ್ಲಿ ನಿಲ್ಲುತ್ತಾರೆ.

ಆಲ್ಪೈನ್ ಆಟಗಾರನ ಕಷ್ಟ ಬೇರೆ. ಸ್ವಿಟ್ಜರ್ಲೆಂಡಿನ ವೆಂಗೆನ್ ಎಂಬಲ್ಲಿ ನಡೆಯುವ ಲೌಬರ್‌ಹಾರ್ನ್ ಓಟದ ದಾರಿ ಸುಮಾರು ನಾಲ್ಕೂವರೆ ಕಿಲೋಮೀಟರ್. ಅದನ್ನು ಎರಡೂವರೆ ನಿಮಿಷದ ಆಸುಪಾಸಿನಲ್ಲಿ ಇಳಿದು ಮುಗಿಸುತ್ತಾರೆ. 2013ರಲ್ಲಿ ಅಲ್ಲಿ ಫ್ರಾನ್ಸಿನ ಯೊಹಾನ್ ಕ್ಲಾರೇ ಗಂಟೆಗೆ 160 ಕಿಲೋಮೀಟರ್ ವೇಗವನ್ನೂ ದಾಟಿದ. ಆ ವೇಗದಲ್ಲಿ ಅರ್ಧ ಕುಕ್ಕರಗಾಲಿನಲ್ಲಿ ಕುಳಿತು, ತಿರುವು ತಿರುವಿಗೂ ತನ್ನ ತೂಕದ ಎರಡು ಮೂರು ಪಟ್ಟು ಭಾರವನ್ನು ತೊಡೆಯ ಮೇಲೆ ಹೊತ್ತು ಇಳಿಯಬೇಕು.

ಇಳಿಯುವುದು ಸುಲಭ, ಹತ್ತುವುದು ಕಷ್ಟ ಎಂದು ನಾವು ತಿಳಿದಿದ್ದೇವೆ. ಉಸಿರಿನ ಮಟ್ಟಿಗೆ ಅದು ನಿಜ, ಸ್ನಾಯುಗಳ ಮಟ್ಟಿಗೆ ಅಲ್ಲ. ಪೊಸಡಿಗುಂಪೆಯಂಥ ಗುಡ್ಡವನ್ನು ಹತ್ತುವಾಗ ಏದುಸಿರು ಬರುತ್ತದೆ. ಆದರೆ ಮರುದಿನ ಮೆಟ್ಟಿಲಿಳಿಯಲಾಗದಂತೆ ತೊಡೆ ಹಿಡಿದುಕೊಳ್ಳುವುದು ಇಳಿದ ಫಲವಾಗಿ. ಇಳಿಯುವಾಗ ತೊಡೆಯ ಸ್ನಾಯು ಭಾರವನ್ನು ತಡೆಯುತ್ತಲೇ ಹಿಗ್ಗಬೇಕಾಗುತ್ತದೆ. ಆ ಬಗೆಯ ದುಡಿಮೆ ರೂಢಿಯಿಲ್ಲದ ಸ್ನಾಯುವಿಗೆ ಬಹಳ ಪೆಟ್ಟು ಕೊಡುತ್ತದೆ. ಇಳಿಜಾರಿನ ಸ್ಕೀ ಎಂದರೆ ಬೆಳಗಿನಿಂದ ಸಂಜೆಯ ತನಕ ಇದೇ ದುಡಿಮೆ.

ಕೂತರೆ ಕರಗುವ ಬಂಡವಾಳ

ಅಭ್ಯಾಸದಿಂದ ಗಳಿಸಿದ ಶಕ್ತಿ ಬ್ಯಾಂಕಿನಲ್ಲಿಟ್ಟ ಠೇವಣಿಯಲ್ಲ. ಮುಟ್ಟದೆ ಬಿಟ್ಟರೆ ಅದು ಬೆಳೆಯುವುದಿಲ್ಲ, ಕರಗುತ್ತದೆ. ಅಭ್ಯಾಸ ಪೂರ್ತಿ ನಿಲ್ಲಿಸಿದ ಎರಡು ವಾರದೊಳಗೇ ರಕ್ತದ ದ್ರವಾಂಶ ಕಡಿಮೆಯಾಗಲು ತೊಡಗುತ್ತದೆ; ಹೃದಯ ಒಂದೊಂದು ಬಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣವೂ ತಗ್ಗುತ್ತದೆ. ಒಂದು ತಿಂಗಳಾಗುವಾಗ ದಮ್ಮು ಇಳಿದದ್ದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಸ್ನಾಯುಬಲ ಸ್ವಲ್ಪ ಹೆಚ್ಚು ಕಾಲ ನಿಲ್ಲುತ್ತದಾದರೂ ಅದೂ ಶಾಶ್ವತವಲ್ಲ.

ಸಮಾಧಾನದ ಸಂಗತಿಯೂ ಒಂದಿದೆ. ಗಳಿಸುವುದಕ್ಕೆ ಬೇಕಾದಷ್ಟು ದುಡಿಮೆ ಉಳಿಸಿಕೊಳ್ಳುವುದಕ್ಕೆ ಬೇಡ. ವಾರಕ್ಕೆ ಎರಡು ಮೂರು ದಿನ ಬಿಡದೆ ಅಭ್ಯಾಸ ಮಾಡಿದರೂ ಗಳಿಸಿದ್ದರಲ್ಲಿ ಬಹುಪಾಲು ಕೈಯಲ್ಲೇ ಇರುತ್ತದೆ. ಆದ್ದರಿಂದ ನುರಿತ ಆಟಗಾರರು ಋತು ಮುಗಿದೊಡನೆ ಕೆಲವು ವಾರ ಮನಸ್ಸಿಗೂ ಮೈಗೂ ಬಿಡುವು ಕೊಟ್ಟು, ಮೇ ತಿಂಗಳ ಹೊತ್ತಿಗೆ ಮುಂದಿನ ಚಳಿಗಾಲದ ಕೆಲಸಕ್ಕೆ ತೊಡಗುತ್ತಾರೆ. ಸ್ಕೀಗಾರ ತಯಾರಾಗುವುದು ಬೇಸಿಗೆಯಲ್ಲಿ ಎಂಬ ಮಾತು ಉತ್ತರದ ಹಿಮನಾಡುಗಳಲ್ಲಿ ಜನಜನಿತವಾದದ್ದು ಸುಮ್ಮನೆ ಅಲ್ಲ.

ಇಟ್ಟಿಗೆ ಹೊತ್ತ ವೀರ

ಈ ಮಾತಿಗೆ ಆಸ್ಟ್ರಿಯಾ ದೇಶದ ಹೆರ್ಮನ್ ಮೈಯರ್‌ಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. 1972ರಲ್ಲಿ ಹುಟ್ಟಿದ ಈತ ಹುಡುಗನಾಗಿದ್ದಾಗ ಸ್ಕೀ ಶಾಲೆಯೊಂದಕ್ಕೆ ಸೇರಿದ್ದ. ಮೈ ಬೆಳೆದಿಲ್ಲ, ಮೊಣಕಾಲಿನಲ್ಲಿ ನೋವಿದೆ ಎಂದು ಹದಿನೈದನೆಯ ವಯಸ್ಸಿಗೆ ಹೊರಬೀಳಬೇಕಾಯಿತು. ಊರಿಗೆ ಮರಳಿದವನು ಗಾರೆ ಕೆಲಸ ಕಲಿತ. ಬೇಸಿಗೆಯಲ್ಲಿ ಇಟ್ಟಿಗೆ ಹೊತ್ತು ಗೋಡೆ ಕಟ್ಟುವುದು, ಚಳಿಗಾಲದಲ್ಲಿ ಪ್ರವಾಸಿಗರಿಗೆ ಸ್ಕೀ ಕಲಿಸುವುದು. ಹೀಗೆ ವರ್ಷಗಳು ಉರುಳಿದವು.

1996ರ ಜನವರಿಯಲ್ಲಿ ಆತನ ಊರು ಫ್ಲಾಖೌನಲ್ಲಿ ವಿಶ್ವಕಪ್ ಓಟ ನಡೆಯಿತು. ಸ್ಪರ್ಧೆಗೆ ಮುಂಚೆ ದಾರಿ ಪರೀಕ್ಷಿಸಲು ಇಳಿಯುವವರಲ್ಲಿ ಮೈಯರ್ ಒಬ್ಬ. ಲೆಕ್ಕಕ್ಕಿಲ್ಲದ ಆ ಓಟದಲ್ಲಿ ಅವನು ತೆಗೆದುಕೊಂಡ ಸಮಯ, ಸ್ಪರ್ಧೆಯಲ್ಲಿದ್ದರೆ ಹನ್ನೆರಡನೆಯ ಸ್ಥಾನಕ್ಕೆ ಸಲ್ಲುತ್ತಿತ್ತು! ತರಬೇತುದಾರರ ಕಣ್ಣು ತೆರೆಯಿತು. ಎರಡೇ ವರ್ಷದಲ್ಲಿ, 1998ರ ನಾಗಾನೋ ಒಲಿಂಪಿಕ್ಸಿನಲ್ಲಿ, ಇಳಿಜಾರು ಓಟದ ನಡುವೆ ಗಾಳಿಯಲ್ಲಿ ಹಾರಿ ಬೇಲಿಗಳನ್ನು ಮುರಿದುಕೊಂಡು ಬಿದ್ದ. ನೋಡಿದವರು ಕತೆ ಮುಗಿಯಿತೆಂದುಕೊಂಡರು. ಆತ ಎದ್ದು ಹಿಮ ಕೊಡವಿಕೊಂಡ. ಮೂರು ದಿನಗಳ ಬಳಿಕ ಒಂದು ಚಿನ್ನ, ಮತ್ತೆ ಮೂರು ದಿನಕ್ಕೆ ಇನ್ನೊಂದು.

2001ರ ಆಗಸ್ಟಿನಲ್ಲಿ ಬೈಕ್ ಅಪಘಾತದಲ್ಲಿ ಅವನ ಕಾಲು ತೆಗೆಯಬೇಕಾಗಬಹುದೆಂಬ ಸ್ಥಿತಿ ಬಂತು. ಆದರೆ 2003ರ ಜನವರಿಯಲ್ಲಿ ಆತ ಮತ್ತೆ ಹಿಮಕ್ಕಿಳಿದು, ಅದೇ ತಿಂಗಳು ಕಿಟ್ಸ್‌ಬ್ಯುಹೆಲ್‌ನಲ್ಲಿ ವಿಶ್ವಕಪ್ ಓಟವೊಂದನ್ನು ಗೆದ್ದ. ಎರಡು ಅಪಘಾತಗಳ ನಡುವೆ ಮತ್ತು ನಂತರ ಅವನನ್ನು ಎತ್ತಿ ನಿಲ್ಲಿಸಿದ್ದು ಹಿಮದ ಮೇಲಿನ ಜಾಣ್ಮೆಯೊಂದೇ ಅಲ್ಲ. ಹಿಮವಿಲ್ಲದ ದಿನಗಳಲ್ಲಿ ಬೆವರು ಸುರಿಸಿ ಕಟ್ಟಿದ ಮೈ ಕೂಡ.

ಚಕ್ರ ಕಟ್ಟಿದ ಹಲಗೆ

ನಾರ್ವೆಯ ರಸ್ತೆಗಳಲ್ಲಿ ಬೇಸಿಗೆಯ ದಿನ ಒಂದು ವಿಚಿತ್ರ ನೋಟ ಕಾಣಸಿಗುತ್ತದೆ. ತಲೆಗೆ ಹೆಲ್ಮೆಟ್ ಧರಿಸಿದ ಹುಡುಗ ಹುಡುಗಿಯರು ಎರಡೂ ಕೈಯಲ್ಲಿ ಕೋಲು ಊರುತ್ತ ಡಾಂಬರಿನ ಮೇಲೆ ಸ್ಕೀ ಮಾಡುತ್ತಿರುತ್ತಾರೆ. ಕಾಲಿಗೆ ಕಟ್ಟಿರುವುದು ಮೊಳದುದ್ದಕ್ಕಿಂತ ತುಸು ಹೆಚ್ಚಿನ ಪಟ್ಟಿ. ಅದರ ಹಿಂದೊಂದು ಮುಂದೊಂದು ಚಕ್ರ. ಇದೇ ರೋಲರ್ ಸ್ಕೀ. ಕಾಲು ತಳ್ಳುವ ರೀತಿ, ಕೋಲು ಊರುವ ತಾಳ, ಮೈ ಬಾಗುವ ಬಗೆ ಎಲ್ಲವೂ ಹಿಮದಲ್ಲಿದ್ದಂತೆಯೇ. ಹೆಚ್ಚಿನವಕ್ಕೆ ಬ್ರೇಕು ಇಲ್ಲ. ಬಿದ್ದರೆ ಕೆಳಗಿರುವುದು ಮೆತ್ತನೆಯ ಹಿಮವಲ್ಲ, ಡಾಂಬರು!

ಇದರ ಜೊತೆಗೆ ಕೋಲು ಹಿಡಿದು ಗುಡ್ಡ ಹತ್ತುತ್ತ ಜಿಗಿಜಿಗಿದು ಸಾಗುವ ಅಭ್ಯಾಸವಿದೆ. ಕಾಡಿನ ದಾರಿಯಲ್ಲಿ ಗಂಟೆಗಟ್ಟಲೆ ನಡಿಗೆ, ಓಟ, ಸೈಕಲ್, ದೋಣಿ ಹುಟ್ಟು ಹಾಕುವುದು ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಒಲಿಂಪಿಕ್ಸಿನಲ್ಲಿ ಹದಿನೈದು ಪದಕ ಗೆದ್ದ ನಾರ್ವೆಯ ಮಹಿಳೆ ಮಾರಿಟ್ ಬ್ಯೋರ್ಗೆನ್ ಇಪ್ಪತ್ತರ ಪ್ರಾಯದಲ್ಲಿ ವರ್ಷಕ್ಕೆ ಸುಮಾರು 520 ಗಂಟೆ ಅಭ್ಯಾಸ ಮಾಡುತ್ತಿದ್ದಳು. ಮೂವತ್ತೈದರ ಪ್ರಾಯಕ್ಕೆ ಅದು ಸುಮಾರು 940 ಗಂಟೆಗೆ ಏರಿತ್ತು, ಎಂದರೆ ವಾರಕ್ಕೆ ಹದಿನೆಂಟು ಗಂಟೆ. 2015ರ ಡಿಸೆಂಬರಿನಲ್ಲಿ ತಾಯಿಯಾದ ಆಕೆ 2018ರ ಒಲಿಂಪಿಕ್ಸಿನಲ್ಲಿ ಐದು ಪದಕಗಳೊಂದಿಗೆ ಮರಳಿದಳು.

ಗಮನಿಸಬೇಕಾದ್ದು ಇನ್ನೊಂದಿದೆ. ಆ ಗಂಟೆಗಳಲ್ಲಿ ಬಹುಪಾಲು ಜೀವ ಹೋಗುವಂತೆ ಓಡಿದ್ದಲ್ಲ. ಪಕ್ಕದವರೊಡನೆ ಮಾತಾಡುತ್ತ ಸಾಗಬಹುದಾದಷ್ಟು ಹದವಾದ ದುಡಿಮೆ. ಮೈಮುರಿಯುವ ಅಭ್ಯಾಸಕ್ಕೆ ವಾರದಲ್ಲಿ ಕೆಲವೇ ಸಲ ಜಾಗ. ಮೂರು ದಿನ ಅಬ್ಬರಿಸಿ ನಾಲ್ಕನೆಯ ದಿನ ಹಾಸಿಗೆ ಹಿಡಿಯುವ ನಮ್ಮ ಉತ್ಸಾಹಿಗಳು ಇದನ್ನು ಎರಡು ಸಲ ಓದಬೇಕು.

ಹಣವಂತ ದೇಶಗಳಿಗೆ ಬೇರೆ ಉಪಾಯಗಳೂ ಇವೆ. ನಮಗೆ ಮಳೆಗಾಲವಾದಾಗ ಭೂಮಧ್ಯರೇಖೆಯ ಆಚೆ ಚಿಲಿ, ಅರ್ಜೆಂಟೀನಾ, ನ್ಯೂಜಿಲೆಂಡ್‌ಗಳಲ್ಲಿ ಚಳಿಗಾಲ. ಯುರೋಪಿನ ತಂಡಗಳು ಅಲ್ಲಿಗೆ ಹಾರುತ್ತವೆ. ಫಿನ್ಲೆಂಡಿನ ವುವೊಕಟ್ಟಿಯಲ್ಲಿ 1997ರಲ್ಲೇ ಸುರಂಗ ಕಟ್ಟಿ, ಒಳಗೆ ಹಿಮ ಹಾಸಿ ಬೇಸಿಗೆಯಲ್ಲೂ ಸ್ಕೀ ಮಾಡುವ ಏರ್ಪಾಡಾಯಿತು. ಸ್ವಿಟ್ಜರ್ಲೆಂಡಿನ ದಾವೋಸ್‌ನವರದ್ದು ನಮಗೆ ಪರಿಚಿತವಾದ ಉಪಾಯ. ಹಿಂದೆ ಮೀನಿನ ಮಂಜುಗಡ್ಡೆಯನ್ನು ನಮ್ಮ ಕರಾವಳಿಯಲ್ಲಿ ಮರದ ಹುಡಿಯಲ್ಲಿ ಹುಗಿದಿಡುತ್ತಿದ್ದರಲ್ಲವೇ, ಹಾಗೆಯೇ ಅವರು ಚಳಿಗಾಲದ ಹಿಮವನ್ನು ರಾಶಿ ಹಾಕಿ ಮೇಲೆ ದಪ್ಪಕ್ಕೆ ಮರದ ಹುಡಿ ಹೊದಿಸಿ ಬೇಸಿಗೆ ದಾಟಿಸುತ್ತಾರೆ. ಶರತ್ಕಾಲದಲ್ಲಿ ಆ ಹಿಮವನ್ನೇ ಹಾಸಿ ಬೇಗನೆ ಅಭ್ಯಾಸ ಆರಂಭಿಸುತ್ತಾರೆ.

ನಮ್ಮ ದೇಶದ ಪಾಡು

ಭಾರತದ ಸ್ಕೀಗಾರನಿಗೆ ಸುರಂಗವಿಲ್ಲ, ಮರದ ಹುಡಿಯ ಹಿಮವೂ ಇಲ್ಲ. ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಹಿಮಾಚಲದ ಸೋಲಂಗ್ ಕಣಿವೆ ಇವೇ ಮುಖ್ಯ ತಾಣಗಳು. ಅಲ್ಲಿಯೂ ಒಳ್ಳೆಯ ಹಿಮ ಸಿಗುವುದು ವರ್ಷಕ್ಕೆ ಎರಡು ಮೂರು ತಿಂಗಳು ಮಾತ್ರ. ಈಚೆಗೆ ಅದಕ್ಕೂ ಖಾತ್ರಿಯಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗದ ಇಳಿಜಾರುಗಳು ಹಿಮವಿಲ್ಲದೆ ಬೋಳಾಗಿ ನಿಂತಿದ್ದವು. 2025ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಭಾಗವನ್ನು ಹಿಮ ಸಾಲದೆ ಫೆಬ್ರವರಿಯಿಂದ ಮಾರ್ಚಿಗೆ ಮುಂದೂಡಬೇಕಾಯಿತು.

ಹೀಗಾಗಿ ಇತರರಿಗೆ ಬೇಸಿಗೆ ಎಂಬುದು ಎರಡು ಋತುಗಳ ನಡುವಿನ ಬಿಡುವಾದರೆ, ನಮ್ಮವರಿಗೆ ವರ್ಷದ ಮುಕ್ಕಾಲು ಪಾಲು ಅದೇ. ಆ ಮುಕ್ಕಾಲು ಪಾಲನ್ನು ಕೂತು ಕಳೆದವನಿಗೆ ಉಳಿದ ಕಾಲುಪಾಲಿನಲ್ಲಿ ಏನೂ ಸಿಗದು.

ಕೂತು ಕಳೆಯದವರ ಉದಾಹರಣೆಗಳೂ ನಮ್ಮಲ್ಲಿವೆ. ಶಿವ ಕೇಶವನ್ ಸ್ಕೀಗಾರನಲ್ಲ. ಮಂಜಿನ ಕಾಲುವೆಯಲ್ಲಿ ಅಂಗಾತ ಮಲಗಿ ಜಾರುವ ಲೂಜ್ ಎಂಬ ಆಟದವರು. ತಂದೆ ಕೇರಳ ಮೂಲದವರು, ತಾಯಿ ಇಟಲಿಯವರು, ಬೆಳೆದದ್ದು ಮನಾಲಿಯ ಬಳಿ. ದೇಶದಲ್ಲಿ ಲೂಜ್ ಕಾಲುವೆಯೇ ಇಲ್ಲದ್ದರಿಂದ ಜಾರುಬಂಡಿಗೆ ಚಕ್ರ ಜೋಡಿಸಿ, ಹಿಮಾಲಯದ ರಸ್ತೆಗಳಲ್ಲಿ ಲಾರಿಗಳ, ಕುರಿಮಂದೆಗಳ ನಡುವೆಯೇ ಅಭ್ಯಾಸ ಮಾಡಿದರು. 1998ರಿಂದ 2018ರ ತನಕ ಆರು ಒಲಿಂಪಿಕ್ಸ್‌ಗಳಲ್ಲಿ ಭಾರತದ ಹೆಸರು ಹೇಳಿದರು. 2018ರಲ್ಲಿ ಮನಾಲಿಯ ಆಂಚಲ್ ಠಾಕೂರ್ ಟರ್ಕಿಯಲ್ಲಿ ಕಂಚು ಗೆದ್ದಾಗ ದೇಶಕ್ಕೆ ಸ್ಕೀಯಲ್ಲಿ ಅಂತಾರಾಷ್ಟ್ರೀಯ ಪದಕದ ಮುಖ ಕಂಡಂತಾಯಿತು. 2022ರ ಬೀಜಿಂಗ್ ಒಲಿಂಪಿಕ್ಸಿಗೆ ಭಾರತದಿಂದ ಹೋದದ್ದು ಒಬ್ಬರೇ, ಕಾಶ್ಮೀರದ ಸ್ಕೀಗಾರ ಆರಿಫ್ ಖಾನ್.

ಇವರೆಲ್ಲ ಬೆಟ್ಟದ ನಾಡಿನವರು, ನಮಗೆ ದೂರ ಎನ್ನುವಿರಾದರೆ ಇನ್ನೊಂದು ಹೆಸರು ಕೇಳಿ. ನಮ್ಮ ಪಾಣತ್ತೂರು ದಾಟಿ ಕರಿಕೆಯ ಘಾಟಿ ಹತ್ತಿದರೆ ಸಿಗುವ ಕೊಡಗಿನವರು ತೆಕ್ಕಡ ಭವಾನಿ. ಕಾಫಿ ಹೂವನ್ನು ಬಿಟ್ಟರೆ ಬೇರೆ ಬಿಳುಪು ಹಾಸನ್ನು ಕಾಣದ ಆ ನಾಡಿನಲ್ಲಿ ಹುಟ್ಟಿ ಕ್ರಾಸ್ ಕಂಟ್ರಿ ಸ್ಕೀಯನ್ನು ಆರಿಸಿಕೊಂಡು, ರಾಷ್ಟ್ರಮಟ್ಟದಲ್ಲಿ ಚಿನ್ನ ಗೆದ್ದವರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತಾರಾಷ್ಟ್ರೀಯ ಐದು ಕಿಲೋಮೀಟರ್ ಸ್ಪರ್ಧೆಯಲ್ಲಿ ಅವರಿಗೆ ಕಂಚಿನ ಪದಕ ಬಂತು. ಹಿಮವೇ ಬೀಳದ ಊರಿನ ಮಗಳೊಬ್ಬಳು ಹಿಮದಾಟದಲ್ಲಿ ಪದಕ ಪಡೆಯಬೇಕಾದರೆ ಅದರ ಹಿಂದೆ ಹಿಮವಿಲ್ಲದ ನೆಲದ ಮೇಲೆ ಎಷ್ಟು ಬೆವರು ಬಿದ್ದಿರಬೇಕೆಂದು ಊಹಿಸಬಹುದು.

ಮೊಣಕಾಲನ್ನು ಕಾಯ್ದುಕೊಳ್ಳಿ

ಇಂದು ನಮ್ಮ ಮನೆಗಳ ಮಕ್ಕಳೂ ಉತ್ತರಕ್ಕೆ ಪ್ರವಾಸ ಹೋಗುತ್ತಾರೆ. ಕೆಲವರು ಗುಲ್ಮಾರ್ಗ್, ಔಲಿಗಳಲ್ಲಿ ಕೆಲವು ದಿನಗಳ ಸ್ಕೀ ಶಿಬಿರಕ್ಕೂ ಸೇರುತ್ತಾರೆ. ಟಿಕೆಟು, ಉಣ್ಣೆಯ ಬಟ್ಟೆ, ಕೈಚೀಲ ಎಲ್ಲದರ ತಯಾರಿ ಎರಡು ತಿಂಗಳ ಮೊದಲೇ ನಡೆಯುತ್ತದೆ. ಕಾಲಿನ ತಯಾರಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಇಳಿಜಾರಿನ ಸ್ಕೀಯಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಸಂಧಿ ಮೊಣಕಾಲು. ತೊಡೆಯ ಎಲುಬನ್ನೂ ಕೆಳಗಾಲಿನ ಎಲುಬನ್ನೂ ಒಳಗಿನಿಂದ ಬಿಗಿದಿಡುವ ಎಸಿಎಲ್ ಎಂಬ ಅಸ್ಥಿರಜ್ಜು, ಹಲಗೆ ಒಂದು ಕಡೆಗೂ ಮೈ ಇನ್ನೊಂದು ಕಡೆಗೂ ತಿರುಚಿದಾಗ ಹರಿದುಹೋಗುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮತ್ತೆ ಆಟಕ್ಕಿಳಿಯಲು ಸಾಮಾನ್ಯವಾಗಿ ಒಂಬತ್ತು ತಿಂಗಳಾದರೂ ಬೇಕು. ತೊಡೆಯ ಹಿಂಬದಿ, ನಿತಂಬ, ಸೊಂಟದ ಸ್ನಾಯುಗಳು ಗಟ್ಟಿಯಿದ್ದು ಮೈಯ ಸಮತೋಲ ಚೆನ್ನಾಗಿದ್ದರೆ ಈ ಅಪಾಯ ಕಡಿಮೆ.

ಹೊರಡುವುದಕ್ಕೆ ಎಂಟು ಹತ್ತು ವಾರ ಮೊದಲು ಮನೆಯಲ್ಲೇ ಆರಂಭಿಸಬಹುದಾದ ಕ್ರಮ ಹೀಗಿದೆ.

ಮೊದಲನೆಯದು ಬಸ್ಕಿ. ಶಾಲೆಯಲ್ಲಿ ಶಿಕ್ಷೆಯಾಗಿದ್ದದ್ದು ಇಲ್ಲಿ ರಕ್ಷೆ. ಇಳಿಯುವಾಗ ಮೂರು ಎಣಿಸುವಷ್ಟು ನಿಧಾನ, ಏಳುವಾಗ ಸಹಜ ವೇಗ. ಮಂಡಿ ಒಳಕ್ಕೆ ವಾಲದೆ ಕಾಲ್ಬೆರಳುಗಳ ನೇರಕ್ಕೇ ಇರಬೇಕು. ಹತ್ತು ಹನ್ನೆರಡರ ಮೂರು ಸುತ್ತು, ವಾರಕ್ಕೆ ಮೂರು ದಿನ ಸಾಕು.

ಎರಡನೆಯದು, ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕುರ್ಚಿಯ ಮೇಲೆ ಕುಳಿತಂತೆ ನಿಲ್ಲುವುದು. ಅರ್ಧ ನಿಮಿಷದಿಂದ ಆರಂಭಿಸಿ ವಾರವಾರಕ್ಕೆ ಸ್ವಲ್ಪ ಏರಿಸಿ. ತೊಡೆ ಉರಿಯತೊಡಗಿದಾಗ ಸ್ಕೀ ಎಂದರೇನೆಂಬುದರ ರುಚಿ ಹತ್ತುತ್ತದೆ.

ಮೂರನೆಯದು, ಅಂಗಾತ ಮಲಗಿ ಮಂಡಿ ಮಡಚಿ, ಪಾದವನ್ನು ನೆಲಕ್ಕೂರಿ ಸೊಂಟವನ್ನು ಮೇಲೆತ್ತುವುದು. ಎಸಿಎಲ್ ರಜ್ಜುವಿಗೆ ಬೆಂಬಲವಾಗಿ ನಿಲ್ಲುವ ಹಿಂದೊಡೆ ಇದರಿಂದ ಗಟ್ಟಿಯಾಗುತ್ತದೆ.

ನಾಲ್ಕನೆಯದು, ನೆಲದಲ್ಲೊಂದು ಗೆರೆ ಎಳೆದು ಅದರ ಆಚೆಗೂ ಈಚೆಗೂ ಎರಡು ಕಾಲಿನಲ್ಲಿ ಪಕ್ಕಕ್ಕೆ ಜಿಗಿಯುವುದು. ಸದ್ದಾಗದಂತೆ, ಮಂಡಿ ಮಡಚಿ ಇಳಿಯುವುದೇ ಇದರ ಗುಟ್ಟು.

ಐದನೆಯದಕ್ಕೆ ಹೊತ್ತೇ ಬೇಡ. ಹಲ್ಲುಜ್ಜುವಾಗ ಒಂಟಿಕಾಲಿನಲ್ಲಿ ನಿಲ್ಲಿ. ರೂಢಿಯಾದ ಮೇಲೆ ಕಣ್ಣು ಮುಚ್ಚಿ ನಿಲ್ಲಿ. ಸಮತೋಲವೆಂಬುದು ಕಲಿತರೆ ಬರುವ ವಿದ್ಯೆ. ವಿಶ್ವಕಪ್ಪಿನಲ್ಲಿ ನೂರಕ್ಕೂ ಮಿಕ್ಕಿ ಓಟ ಗೆದ್ದಿರುವ ಅಮೆರಿಕದ ಮಿಕೇಲಾ ಶಿಫ್ರಿನ್ ಬಾಲ್ಯದಲ್ಲೇ ಒಂಟಿಚಕ್ರದ ಸೈಕಲ್ ಓಡಿಸಲು ಕಲಿತವಳು.

ಇವುಗಳ ಜೊತೆ ವಾರಕ್ಕೆರಡು ದಿನ ಮುಕ್ಕಾಲು ಗಂಟೆಯ ಗುಡ್ಡದ ನಡಿಗೆ. ಗುಲ್ಮಾರ್ಗ್ ಇರುವುದು ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿ. ಕಡಲ ತಡಿಯಿಂದ ಹೋದವರಿಗೆ ಅಲ್ಲಿ ಉಸಿರು ಸಾಲದೆಂದು ಅನಿಸುವುದು ಸಹಜ. ಆಟಿಯ ಮಳೆ ಹೊರಗೆ ಬಿಡದಿದ್ದರೆ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯುವುದನ್ನು ಅವಸರಪಡದೆ ಮಾಡಿರಿ. ನಲವತ್ತು ದಾಟಿದವರು, ಹೃದಯದ ಅಥವಾ ಮಂಡಿಯ ತೊಂದರೆಯಿರುವವರು ವೈದ್ಯರನ್ನು ಕೇಳಿಯೇ ಹೊರಡಬೇಕು. ಹಿಮಕ್ಕಿಳಿದ ಮೇಲೆಯೂ ಒಂದು ನಿಯಮ: ಕಾಲು ದಣಿದಾಗ ‘ಇನ್ನೊಂದೇ ಸಲ’ ಎನ್ನಬೇಡಿ. ಆ ಇನ್ನೊಂದು ಸಲವನ್ನು ಮರುದಿನಕ್ಕೆ ಉಳಿಸಿ.

ಕಾಣದ ತಿಂಗಳುಗಳು

ಪದಕ ಕೊರಳಿಗೆ ಬೀಳುವ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಜೂನ್ ತಿಂಗಳ ಬೆಳಗ್ಗೆ ಐದಕ್ಕೆ ಎದ್ದು ಚಕ್ರದ ಹಲಗೆ ಕಟ್ಟಿಕೊಂಡವನ ಚಿತ್ರ ತೆಗೆಯುವವರಿಲ್ಲ. ನೋಡುವವರಿಲ್ಲದ, ಚಪ್ಪಾಳೆಯಿಲ್ಲದ ಆ ತಿಂಗಳುಗಳಲ್ಲಿ ಮಾಡಿದ್ದೇ ಋತು ಬಂದಾಗ ಕಾಣಿಸುತ್ತದೆ.

ಹಿಮದ ನಡುವೆ ಹುಟ್ಟಿದವನಿಗೆ ಆಟ ಮನೆಯಂಗಳದಲ್ಲೇ ಸಿಗುತ್ತದೆ. ಹಿಮದಿಂದ ದೂರ ಹುಟ್ಟಿದವನು ಅದನ್ನು ದಿನದಿನವೂ ಅಭ್ಯಾಸದಿಂದ ತನ್ನದಾಗಿಸಿಕೊಳ್ಳಬೇಕು. ಒಂದು ಬೇಸಿಗೆ ಬಿಟ್ಟರೂ ಅದು ಕೈತಪ್ಪುತ್ತದೆ. ಸುತ್ತಲೂ ಬೇರೊಂದು ಭಾಷೆಯ ನಡುವೆ ಮನೆಯೊಳಗೆ ಕನ್ನಡವನ್ನು ಉಳಿಸಿಕೊಂಡು ಬಂದ ನಮ್ಮ ಹಿರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಮಳೆಗಾಲದಲ್ಲಿ ಮಕ್ಕಳು ಆಟದ ಬಯಲಿಗೆ ನೀರು ತುಂಬಿತೆಂದು ಮೂಲೆಯಲ್ಲಿ ಕುಳಿತರೆ ಕೊಡಗಿನ ಆ ಮಗಳ ಕತೆ ಹೇಳಿ. ಆಮೇಲೆ ಜಗಲಿಯಲ್ಲಿ ನೀವೂ ಅವರೊಡನೆ ನಿಂತು ಹತ್ತು ಬಸ್ಕಿ ಹೊಡೆಯಿರಿ.